ಎರಡು ಕರಡಿಗೆ ಹೊತ್ತ ಕೊರಳು

ಅವರ ಮನೆಯ ಯಾವ ಬಾಗಿಲಿಗೂ ಒಳಚಿಲಕ ಇರಲಿಲ್ಲ. ಮಲಗುವ ಕೋಣೆಗೆ ಇಲ್ಲ, ಬಚ್ಚಲಿಗೂ ಇಲ್ಲ. ಚಿಲಕವಿದ್ದ ಕಡೆ ಸ್ಕ್ರೂ ತೂತುಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರು. ಇದು ನನಗೆ ಗೊತ್ತಾದದ್ದು ನಮ್ಮ ಗೀಸರ್ ಕೆಟ್ಟುಹೋದ ಒಂದು ಚಳಿಗಾಲದ ಭಾನುವಾರ, ಟವೆಲ್ಲು ಸೋಪು ಹಿಡಿದುಕೊಂಡು ಬಿಸಿನೀರಿಗಾಗಿ ಎದುರುಮನೆಗೆ ಹೋದಾಗ. ಬಚ್ಚಲಿನಲ್ಲಿ ನಿಂತು ಬಾಗಿಲ ಮೇಲೆಲ್ಲ ಕೈಯಾಡಿಸುತ್ತಿದ್ದೆ. ಹೊರಗಿನಿಂದ ಅವರ ಧ್ವನಿ ಬಂತು.

“ಚಿಲಕ ಇಲ್ರೀ ಬಾಯಾರ. ನೀವು ಹಾಡ್ರಿ.”

“ಏನ್ ಮಾಡ್ಲಿ?”

“ಹಾಡ್ರಿ. ಹಾಡಿದ್ರ ಒಳಗ ಮಂದಿ ಅದಾರಂತ ತಿಳೀತೈತಿ. ನಮ್ಮನ್ಯಾಗ ಎಲ್ಲಾರೂ ಹಂಗ ಮಾಡೋದು.”

ಕ್ಯಾಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳ ಬಾಯಿಗೆ ಆ ಹೊತ್ತಿನಲ್ಲಿ ಬಂದದ್ದು ಮಾರ್ನಿಂಗ್ ಅಸೆಂಬ್ಲಿಯ ಒಂದು ಹಿಮ್. ಮೈಮೇಲೆ ಸೋಪಿನ ನೊರೆ, ಬಾಯಲ್ಲಿ ಸಿಸ್ಟರ್ ಕಲಿಸಿದ ದೇವರ ಸ್ತುತಿ. ತಲೆಗೆ ನೀರು ಹಾಕಿಕೊಳ್ಳಲು ಒಂದು ಗಳಿಗೆ ನಿಲ್ಲಿಸಿದರೆ ಹೊರಗಿನಿಂದ ಬಾಗಿಲು ತಟ್ಟುತ್ತಿದ್ದರು. ಅದರ ಹಿಂದೆಯೇ ಒಂದು ಹುಡುಗಿ ನಕ್ಕ ಸದ್ದು ಕೇಳಿಸಿತು. ನಾನು ಹೊರಗೆ ಬಂದಾಗ ಅವರು ಗಂಭೀರವಾಗಿ, “ಇಂಗ್ಲಿಷ್ ದೇವ್ರೇನ್ರಿ? ಧಾಟಿ ಚೊಲೋ ಐತಿ,” ಅಂದರು. ಅವರ ಬೆನ್ನ ಹಿಂದೆ ನಿಂತಿದ್ದ ಹುಡುಗಿಯ ಮುಖದಲ್ಲಿ ಆಗಲೇ ನಗುವಿರಲಿಲ್ಲ.

ಪೀಣ್ಯದ ಒಂದು ಸ್ವಿಚ್‌ಗೇರ್ ಫ್ಯಾಕ್ಟರಿಯಲ್ಲಿ ನಾನು ಎಂ.ಡಿ.ಯವರ ಸ್ಟೆನೋ ಆಗಿದ್ದೆ. ಅವರ ಯಜಮಾನರು ಅಲ್ಲೇ ಪ್ರೊಡಕ್ಷನ್ ಎಂಜಿನಿಯರ್. ಕಂಪನಿ ಸ್ಟಾಫಿಗೆಂದು ಕಟ್ಟಿಸಿದ್ದ ಮೂರು ಮಹಡಿಯ ಕ್ವಾರ್ಟರ್ಸಿನಲ್ಲಿ ನಮ್ಮ ಬಾಗಿಲುಗಳು ಎದುರುಬದುರು. ತೊಂಬತ್ತರ ದಶಕದ ಮೊದಲ ವರ್ಷಗಳು. ಹಗಲೆಲ್ಲ ಪ್ರೆಸ್ ಮೆಷೀನುಗಳ ಕುಟ್ಟುವ ಸದ್ದು, ಗಾಳಿ ತಿರುಗಿದರೆ ಪೇಂಟಿನ ವಾಸನೆ, ಕಿಟಕಿಯ ಸರಳು ಒರೆಸಿದರೆ ಬಟ್ಟೆಗೆ ಕಪ್ಪು ಜಿಡ್ಡು. ಅವರು ಬಂದದ್ದು ಗದಗದ ಕಡೆಯಿಂದ. ನನ್ನನ್ನು ‘ಬಾಯಾರ’ ಎಂದು ಕರೆದರು, ಅಲ್ಲಿ ಗೌರವಸ್ಥ ಹೆಂಗಸರನ್ನು ಕರೆಯುವ ಹಾಗೆ. ಅವರನ್ನು ಮಾತ್ರ ಕ್ವಾರ್ಟರ್ಸಿನಲ್ಲಿ ಯಾರೂ ಹೆಸರು ಹಿಡಿದು ಕರೆಯಲಿಲ್ಲ. ‘ನೀಲಾನ ಅಮ್ಮ’ ಅಷ್ಟೇ. ಹಾಗಾಗಿ ಇಲ್ಲಿಯೂ ಹೆಸರು ಬರೆಯುವುದಿಲ್ಲ.

ಎತ್ತರದ ಹೆಂಗಸು. ಹಣೆಯ ತುಂಬ ವಿಭೂತಿ. ಕುರ್ಚಿ ಕೊಟ್ಟರೆ ಅದರ ಅಂಚಿನಲ್ಲೇ ಕೂರುತ್ತಿದ್ದರು, ಬಸ್‌ಸ್ಟಾಪಿನಲ್ಲಿ ಕುಳಿತವರ ಹಾಗೆ. ಮಾತಾಡುತ್ತ ಆಡುತ್ತ ತಟ್ಟನೆ ಬೆರಳೆತ್ತಿ “ತಡೀರಿ” ಎಂದು ಒಳಕೋಣೆಯ ಕಡೆ ಕಿವಿಗೊಡುತ್ತಿದ್ದರು. ಅಲ್ಲಿಂದ ಒಂದು ಬಳೆಯ ಸದ್ದೋ ಕೆಮ್ಮೋ ಕೇಳಿಸಿದ ಮೇಲೆ ಮಾತು ಬಿಟ್ಟಲ್ಲಿಂದಲೇ ಮುಂದುವರಿಯುತ್ತಿತ್ತು. ಮೊದಮೊದಲು ನನಗೆ ಅದು ಬ್ಯಾಡ್ ಮ್ಯಾನರ್ಸ್ ಅನ್ನಿಸುತ್ತಿತ್ತು. ಆಮೇಲೆ ನಾನೂ ಅವರ ಜೊತೆ ಮಾತು ನಿಲ್ಲಿಸಿ ಕೇಳಿಸಿಕೊಳ್ಳಲು ಕಲಿತೆ.

ನೀಲಾ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಉತ್ತರ ಹೇಳಲು ಎದ್ದು ನಿಂತವಳು ಮತ್ತೆ ಕುಳಿತುಕೊಳ್ಳಲಿಲ್ಲವಂತೆ. ಬೆಲ್ ಆಯಿತು, ಮಕ್ಕಳು ಹೋದರು, ಅವಳು ನಿಂತೇ ಇದ್ದಳು. ಸ್ಕೂಲಿನವರು ಕರೆದುಕೊಂಡು ಹೋಗಿ ಅಂದರು. ವಾಪಸ್ ಕರೆತನ್ನಿ ಎಂದು ಯಾವತ್ತೂ ಅನ್ನಲಿಲ್ಲ. ಕೆಲವು ವಾರ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಕೆಲವು ವಾರ ನಿದ್ದೆಯೇ ಇಲ್ಲದೆ ಮನೆಯ ತುಂಬ ಓಡಾಡುತ್ತಿದ್ದಳು. ನಡುವೆ ಯಾವಾಗಲೋ, ಉಪ್ಪು ಕೊಡು ಅನ್ನುವಷ್ಟು ಸಲೀಸಾಗಿ, “ನಾ ಇರಬಾರ್ದವ್ವಾ,” ಅನ್ನುತ್ತಿದ್ದಳು. ಅವತ್ತಿನಿಂದ ಆ ತಾಯಿಗೆ ಒಂದೇ ಕೆಲಸ. ಮಗಳು ಇರಬೇಕು.

ಊರಿನ ಆ ತುದಿಯಲ್ಲಿದ್ದ ದೊಡ್ಡ ಆಸ್ಪತ್ರೆಗೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ ಹೋಗಬೇಕು. ಕ್ವಾರ್ಟರ್ಸಿನವರಿಗೆ ಅವರು ಹೇಳುತ್ತಿದ್ದದ್ದು ಹಲ್ಲಿನ ಡಾಕ್ಟರ್. ಕೆಳಗಿನ ಮನೆಯ ಆಂಟಿ ಒಂದು ದಿನ ಎಲ್ಲರೆದುರು ಕೇಳಿಯೇಬಿಟ್ಟರು: “ಅಲ್ಲಾ ಕಣ್ರೀ, ಆ ಹುಡ್ಗಿಗೆ ಬಾಯಲ್ಲಿ ಎಷ್ಟ್ ಹಲ್ಲಿದಾವೆ? ಮೊಸಳೆಗೂ ಇಷ್ಟ್ ಸಲ ತೋರ್ಸಲ್ಲ!” ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಮೆಟ್ಟಿಲು ಹತ್ತುವಾಗ ನನಗೆ ಮಾತ್ರ ಕೇಳುವ ಹಾಗೆ, “ಹಲ್ಲು ಮುಗದ್ವು. ಮುಂದಿನ ವಾರದಿಂದ ಕಣ್ಣು ಅನ್ಬೇಕ್ರಿ,” ಅಂದರು.

“ಇರೋದನ್ನೇ ಹೇಳಿದ್ರೆ ಏನಾಗತ್ತೆ?” ಎಂದು ಕೇಳಿದೆ.

“ತಲಿ ಡಾಕ್ಟರ್ ಅಂದ್ರ ನಾಳೆ ಅಕಿನ್ನ ಯಾರ್ ಮಾಡ್ಕೋತಾರ್ರಿ?” ಅಂದವರು, ನಿಂತು, ಸೆರಗಿನಿಂದ ಮುಖ ಒರೆಸಿಕೊಂಡರು. “ನೋಡ್ರಿ ನನ್ನ ಹುಚ್ಚ. ಅಕಿ ನಾಳೆ ಮುಂಜಾನೆ ಏಳ್ತಾಳೋ ಇಲ್ಲೋ ಗೊತ್ತಿಲ್ಲ, ನಾ ಲಗ್ನದ ಚಿಂತಿ ಮಾಡಾಕತ್ತೇನಿ.”

ಡಾಕ್ಟರ್ ಒಳ್ಳೆಯ ಮನುಷ್ಯ. ಮನೆ ಸೇಫ್ ಆಗಿರಲಿ, ಅಪಾಯದ ವಸ್ತು ಯಾವುದೂ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಚಿಲಕಗಳನ್ನು ಬಿಚ್ಚಿದ್ದು ನೀಲಾನ ಅಪ್ಪ, ಫ್ಯಾಕ್ಟರಿಯ ಸ್ಕ್ರೂಡ್ರೈವರ್ ತಂದು. ಬಿಚ್ಚಿ, ತೂತು ಮುಚ್ಚಿ, ಬಣ್ಣ ಬಳಿದು, ಅಂದಿನಿಂದ ಮಧ್ಯಾಹ್ನ ಹೋಗಿ ನಡುರಾತ್ರಿ ಬರುವ ಸೆಕೆಂಡ್ ಶಿಫ್ಟ್ ಕೇಳಿ ಹಾಕಿಸಿಕೊಂಡರು. ಕೆಟ್ಟವರಲ್ಲ. ಮಗಳ ಮುಖ ನೋಡಲು ಅವರಿಗೆ ಆಗುತ್ತಿರಲಿಲ್ಲ, ಅಷ್ಟೇ. ಉಳಿದದ್ದೆಲ್ಲ ಈ ತಾಯಿಯ ಪಾಲಿಗೆ. ಹಬ್ಬಕ್ಕೆ ಮನೆ ತೊಳೆಯುವವರ ಹಾಗೆ ಸೆರಗು ಸಿಕ್ಕಿಸಿ ನಿಂತರು. ಲಾಡಿಯ ಲಂಗಗಳಿಗೆಲ್ಲ ಇಲಾಸ್ಟಿಕ್ ಹೊಲಿದರು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಎಸೆದರು. ಒದ್ದೆ ಸೀರೆಗಳು ಕೆಳಗಿನ ಗೇಟಿನ ಮೇಲೆ, ಕ್ರೋಟನ್ ಗಿಡಗಳ ಮೇಲೆ ಬಂದು ಕುಳಿತವು.

“ಏನ್ರೀ, ಒಂದ್ ಹಗ್ಗ ಕಟ್ಟೋಕೂ ಗತಿಯಿಲ್ವಾ? ಗೇಟ್ ಮೇಲೆಲ್ಲ ನಿಮ್ ಸೀರೇನೇ!” ಆಂಟಿ ಮತ್ತೆ.

“ಗೇಟಿಗೆ ಬಿಸಲು ಚೊಲೋ ಬೀಳ್ತೈತ್ರಿ. ನಿಮ್ಮವೂ ತರ್ರಿ, ಜಾಗ ಐತಿ.”

ಎಲ್ಲ ಮುಗಿದ ಮೇಲೆ ಒಂದು ಉಳಿಯಿತು. ಅವರದು ಲಿಂಗ ಕಟ್ಟುವ ಮನೆತನ. ಮಗು ಹುಟ್ಟಿದಾಗಲೇ ಕೊರಳಿಗೆ ಇಷ್ಟಲಿಂಗ ಕಟ್ಟುತ್ತಾರೆ. ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿ ಲಿಂಗ, ಅದಕ್ಕೆ ಗಟ್ಟಿ ಶಿವದಾರ. ಬದುಕಿರುವ ತನಕ ಅದು ಮೈಬಿಟ್ಟು ಹೋಗಬಾರದು. ಸತ್ತಾಗ ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ನೀಲಾನ ಕೊರಳಿನಲ್ಲೂ ಅದಿತ್ತು. ದಾರ ಸಮೇತ.

ಒಂದು ಶನಿವಾರ ಮಧ್ಯಾಹ್ನ ನಾನು ಆಫೀಸಿನಿಂದ ಬರುತ್ತಿದ್ದ ಹಾಗೆ ಬಾಗಿಲಲ್ಲೇ ನಿಂತು ಕರೆದರು. “ಬರ್ರಿ, ಸುಮ್ನ ನನ್ನ ಕೂಡ ಕುಂದರ್ರಿ. ನೀವು ನಮ್ಮ ಪೈಕಿ ಅಲ್ಲ, ಅದಕ್ಕ ಕರದೆ. ನಮ್ಮವರ ಮುಂದ ಆದ್ರ ನನ್ನ ಕೈ ನಡಗ್ತಾವ.”

ನೀಲಾ ತಲೆಸ್ನಾನ ಮಾಡಿ ಮಣೆಯ ಮೇಲೆ ಕುಳಿತಿದ್ದಳು. ಕೂದಲು ಸರಿಸಿ ಕೊರಳ ಹಿಂದಿನ ಗಂಟು ಬಿಚ್ಚಲು ಹೋದರೆ ಅದು ಬಿಗಿದುಹೋಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದರು.

“ಅವ್ವಾ, ಇದನ್ನ ತಗದ್ರ ನಾ ಸತ್ತಂಗ ಅಲ್ಲ?” ನೀಲಾ ಕೇಳಿದಳು.

ಅವರು ಆ ಕರಡಿಗೆಯನ್ನು ತಮ್ಮ ಕೊರಳಿಗೇ ಕಟ್ಟಿಕೊಂಡರು, ತಮ್ಮದರ ಪಕ್ಕದಲ್ಲಿ. “ಅಲ್ಲ. ಇದು ನನ್ನ ಕೊರಳಾಗ ಇರ್ತೈತಿ. ನಾ ಬದುಕೇನಿ, ಹೌದಿಲ್ಲೋ? ನಾ ಬದುಕಿದ್ರ ನೀನೂ ಬದುಕಿದಂಗ. ನಿನಗ ಬೇಕಾದಾಗ ಕೇಳು, ಕೈಯಾಗ ಕೊಡ್ತೀನಿ.”

ಅಂದಿನಿಂದ ಬೆಳಗಿನ ಪೂಜೆ ಹೀಗೆ ನಡೆಯಿತು. ಅವರು ಚಾಪೆಯ ಮೇಲೆ ಕುಳಿತು ಕಾಯುವುದು. ನೀಲಾ ಸ್ನಾನ ಮುಗಿಸಿ ಬಂದು, “ನಂದು ಕೊಡು,” ಎಂದು ಎಡ ಅಂಗೈ ಚಾಚಿದರೆ ದಿನ ಒಳ್ಳೆಯದು. ತಾಯಿ ಲಿಂಗವನ್ನು ಆ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿಸಿ, ಒಂದು ಹೂವಿನ ಎಸಳು ಏರಿಸಿ, ಪೂಜೆ ಮುಗಿದ ಮೇಲೆ ವಾಪಸ್ ಪಡೆದು ಕಟ್ಟಿಕೊಳ್ಳುತ್ತಿದ್ದರು. ನೀಲಾ ಕೇಳದ ದಿನ ಎರಡನ್ನೂ ಒಬ್ಬರೇ ಪೂಜಿಸುತ್ತಿದ್ದರು, ಒಂದಾದ ಮೇಲೆ ಇನ್ನೊಂದು. ಆಫೀಸಿಗೆ ಹೊರಡುವಾಗ ನಾನು ಅವರ ಬಾಗಿಲಲ್ಲಿ ಇಣುಕಿ ಹುಬ್ಬೇರಿಸುತ್ತಿದ್ದೆ. “ಕೇಳಿದ್ಲು,” ಅನ್ನುತ್ತಿದ್ದರು, ಇಲ್ಲವೇ ತಲೆಯಾಡಿಸುತ್ತಿದ್ದರು. ನಮ್ಮಿಬ್ಬರ ಗುಡ್ ಮಾರ್ನಿಂಗ್ ಅದೇ ಆಗಿತ್ತು.

ಇದನ್ನು ಎಷ್ಟು ಕಾಲ ಮುಚ್ಚಿಡಲು ಸಾಧ್ಯ? ಅವರ ಅತ್ತೆ ಊರಿನಿಂದ ಬಂದರು. ಮೊಮ್ಮಗಳಿಗೆ ತಲೆ ಬಾಚಲು ಕುಳಿತವರು ಬರಿ ಕೊರಳು ನೋಡಿ ಕೂಗಿದ್ದು ನನ್ನ ಮನೆಗೆ ಕೇಳಿಸಿತು. “ಹೆತ್ತವ್ವ ಅಂತಾರೇನ ನಿನಗ? ಜೀವಂತ ಕೂಸನ್ನ ಲಿಂಗಗೆಟ್ಟ ಭವಿ ಮಾಡಿದ್ಯಲ್ಲ! ಲಿಂಗ ಇಲ್ಲದ್ದಕ್ಕ ಅಲ್ಲೇನ ಅದಕ ಪೀಡಾ ಹಿಡದಿದ್ದು!” ಪೀಡೆ ಹಿಡಿದದ್ದು ಮೊದಲು, ಲಿಂಗ ತೆಗೆದದ್ದು ಆಮೇಲೆ. ಸೊಸೆ ಅದನ್ನು ಹೇಳಲಿಲ್ಲ. “ಡಾಕ್ಟರ್ ಹೇಳ್ಯಾರ ಅತ್ತಿ,” ಎಂದಷ್ಟೇ ಅಂದರು.

ಅತ್ತೆ ಕಟುಕರೇನೂ ಅಲ್ಲ. ಮಠದಿಂದ ಹೊಸ ಲಿಂಗ ತರಿಸಿಕೊಂಡರು, ತಮ್ಮದೇ ಹಳೆಯ ರೇಷ್ಮೆ ಸೀರೆಯ ಎಳೆಯಿಂದ ದಾರ ಹೊಸೆದರು, ಪ್ರೀತಿಯಿಂದ. ಸೊಸೆ ಹಾಲಿನ ಬೂತಿಗೆ ಹೋಗಿದ್ದ ಒಂದು ಸಂಜೆ ಮೊಮ್ಮಗಳನ್ನು ಕೂರಿಸಿ ಕಟ್ಟಿದರು. ನೀಲಾ ಮಾತಾಡದೆ ಕಟ್ಟಿಸಿಕೊಂಡಳಂತೆ. ಆಮೇಲೆ ಎದ್ದು ಬಚ್ಚಲಿಗೆ ಹೋದಳು.

ನಾನು ಅವರ ಜೊತೆಯಲ್ಲೇ ಮೆಟ್ಟಿಲು ಹತ್ತುತ್ತಿದ್ದೆ. ಹೊಸ್ತಿಲಲ್ಲಿ ನಿಂತು ಬೆರಳೆತ್ತಿದರು. “ತಡೀರಿ.” ಕಿವಿಗೊಟ್ಟರು. “ನೀಲಾ ಎಲ್ಲಿ ಅತ್ತಿ?”

“ಬಚ್ಚಲಕ್ಕ ಹೋಗ್ಯಾಳ.”

“ಹಾಡು ಎಲ್ಲಿ?”

ಹಾಲಿನ ಪಾತ್ರೆ ಕೈಬಿಟ್ಟ ಸದ್ದಷ್ಟೇ ನನಗೆ ನೆನಪು. ಬಾಗಿಲಿಗೆ ಚಿಲಕ ಇರಲಿಲ್ಲ, ದೂಡಿದ ಕೂಡಲೆ ತೆರೆಯಿತು. ನೀಲಾ ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದಳು. ಆ ರೇಷ್ಮೆ ದಾರವನ್ನು ಕೊರಳಿನಿಂದ ತಾನೇ ತೆಗೆದು ಎಡಗೈಯ ಬೆರಳುಗಳಿಗೆ ಬಿಗಿದು ಬಿಗಿದು ಸುತ್ತಿಕೊಂಡಿದ್ದಳು. ಬೆರಳುಗಳು ಕಪ್ಪಿಟ್ಟಿದ್ದವು. “ಕೊರಳಾಗ ಇದ್ರ ಅಂಜಿಕಿ ಬರ್ತೈತವ್ವಾ. ಕೈಯಾಗ ಹಿಡ್ಕೊಂಡೇನಿ. ಬಿಡ್ಲಿಕ್ಕ ಬರವಲ್ತು,” ಅಂದಳು.

ಅವರು ಬೈಯಲಿಲ್ಲ, ಅಳಲಿಲ್ಲ. ಒದ್ದೆ ನೆಲದ ಮೇಲೆ ಎದುರಿಗೆ ಕುಳಿತು, ಮೆಲ್ಲಗೆ ಏನನ್ನೋ ಗುನುಗುತ್ತ, ಒಂದೊಂದೇ ಸುತ್ತು ಬಿಚ್ಚಿದರು. ಬೆರಳುಗಳಿಗೆ ರಕ್ತ ಮರಳುವವರೆಗೆ ತಿಕ್ಕಿದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. “ನಾ ಕೊರಳು ಬರೇ ಐತಂತ ನೋಡಿದೆ, ಹುಡುಗಿ ಮಾರಿ ನೋಡ್ಲಿಲ್ಲ,” ಎಂದು ಹೇಳಿ ಅಲ್ಲೇ ಕುಸಿದು ಕುಳಿತರು. ಮರುದಿನ ಆ ಹೊಸ ಲಿಂಗವನ್ನು ತೆಗೆದುಕೊಂಡು ಊರಿಗೆ ಹೋದರು. ಊರಿನಲ್ಲಿ ಏನು ಹೇಳಿದರೋ, ಏನು ಹೇಳದೆ ಬಿಟ್ಟರೋ, ಆ ಕಡೆಯಿಂದ ಮದುವೆ ಹಬ್ಬಗಳ ಕರೆ ಬರುವುದು ನಿಂತಿತು. ಮಗಳ ಕೊರಳಿನಿಂದ ಲಿಂಗ ತೆಗೆದ ತಾಯಿಯನ್ನು ಯಾರೂ ಪಂಕ್ತಿಯಲ್ಲಿ ಕೂರಿಸಿಕೊಳ್ಳಲು ಸಿದ್ಧರಿರಲಿಲ್ಲ. “ಚೊಲೋ ಆತು ಬಿಡ್ರಿ, ಬಸ್ ಚಾರ್ಜ್ ಉಳೀತು,” ಅಂದರು ನೀಲಾನ ಅಮ್ಮ. ಆದರೆ ತಂಗಿಯ ಮಗಳ ಮದುವೆಯ ದಿನ ಅವರು ರೇಷ್ಮೆ ಸೀರೆಯುಟ್ಟು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದದ್ದನ್ನು ನಾನು ನೋಡಿದೆ.

ವರ್ಷಗಳು ಹಾಗೇ ಹೋದವು. ನೀಲಾ ಪೂರ್ತಿ ಗುಣವಾಗಲಿಲ್ಲ, ಪೂರ್ತಿ ಮುಳುಗಲೂ ಇಲ್ಲ. ಮಾತ್ರೆಗಳಿಂದ ಮೈ ಊದಿತು, ಕೈ ನಡುಗಿತು. ಇದ್ದಳು. ಯಾರಾದರೂ “ಹೇಗಿದ್ದಾಳೆ ಮಗಳು?” ಎಂದು ಕೇಳಿದರೆ ತಾಯಿ ಹೇಳುತ್ತಿದ್ದದ್ದು ಅದೊಂದೇ ಮಾತು: “ಅದಾಳ್ರಿ.” ಆ ಪದದ ಮೇಲೆ ಅವರು ಊರುತ್ತಿದ್ದ ಭಾರ ನನ್ನ ಕಿವಿಯಲ್ಲಿ ಈಗಲೂ ಇದೆ.

ದಶಕ ಮುಗಿಯುತ್ತ ಬಂದಾಗ ಅವರು ಸೆರಗನ್ನು ಬೇರೆ ರೀತಿ ಹೊದೆಯತೊಡಗಿದ್ದರು, ಎಡಭಾಗ ಪೂರ್ತಿ ಮುಚ್ಚುವ ಹಾಗೆ. ಕೇಳಿದರೆ ಚಳಿ ಅಂದರು. ಬೇಸಿಗೆಯಲ್ಲಿ ಏನು ಚಳಿ? ಒಂದು ದಿನ ನಾನೇ ಬಿಡದೆ ಕೇಳಿದ ಮೇಲೆ, ಎದೆಯಲ್ಲಿ ಗಂಟಿದೆ, ತುಂಬಾ ದಿನದಿಂದ ಇದೆ ಅಂದರು. ನಾನು ರೇಗಿದೆ. “ಹೌ ಕುಡ್ ಯೂ! ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನಾ ಅಡ್ಮಿಟ್ ಆದ್ರ ಅಕಿನ್ನ ಮುಂಜಾನೆ ಯಾರ್ ಕಾಯ್ಬೇಕ್ರಿ ಬಾಯಾರ?”

“ನಾನಿಲ್ವಾ? ಅವಳ ಅಪ್ಪ ಇಲ್ವಾ?”

“ಅದೀರಿ. ಆದ್ರ ಅಕಿ ಕೇಳೋದು ನನ್ನ ಕೊರಳನ್ನ.” ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಳ್ಳುವವರ ಹಾಗೆ ಅಂದರು: “ಅವತ್ತ ನಾ ಒಂದ್ ಮಾತು ತಪ್ಪಿ ಆಡಿಬಿಟ್ಟೇನ್ರಿ. ನಾ ಬದುಕಿದ್ರ ನೀ ಬದುಕಿದಂಗ ಅಂತ. ಆವಾಗ ಬ್ಯಾರೆ ಏನೂ ತೋಚಲಿಲ್ಲ. ಈಗ ಅದನ್ನ ಹೆಂಗ್ ಹಿಂದ ತಗೊಳ್ಳಿ?”

ಆಪರೇಷನ್ ಆಯಿತು, ತಡವಾಗಿ ಆಯಿತು. ಮನೆಗೆ ಬಂದ ಮೇಲೆ ಹೊರಕೋಣೆಯ ಮಂಚದಲ್ಲಿ ಮಲಗಿರುತ್ತಿದ್ದರು, ಕಿವಿ ಮಾತ್ರ ಒಳಗೆ. ಆ ದಿನಗಳ ಒಂದು ಚಿತ್ರ ನನ್ನನ್ನು ಬಿಟ್ಟಿಲ್ಲ. ಅವರನ್ನು ಬಚ್ಚಲಿಗೆ ನಡೆಸಿಕೊಂಡು ಹೋಗಿ ಬಿಟ್ಟವಳು ನೀಲಾ. ಬಾಗಿಲು ಎಳೆದುಕೊಂಡು ಹೊರಗೆ ನಿಂತಳು. ಒಳಗೆ ಸದ್ದಿಲ್ಲ. ನೀಲಾ ಕಿವಿಗೊಟ್ಟಳು, ತಾಯಿಯ ಹಾಗೆಯೇ ತಲೆ ಓರೆ ಮಾಡಿ. ಬಾಗಿಲು ತಟ್ಟಿದಳು.

“ಹಾಡವ್ವಾ. ಕೇಳವಲ್ತು.”

ಒಳಗಿನಿಂದ ಒಂದು ಸೀಳು ದನಿ ಎದ್ದಿತು. ಹಾಡು ಅನ್ನುವಂತಿರಲಿಲ್ಲ.

ಕೊನೆಕೊನೆಗೆ ಅವರು ಮಗಳನ್ನು ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು. “ನಿಂದು ಮುಂದ ಯಾರ ಕಡೆ ಇರಲಿ ನೀಲವ್ವ? ನೀನ ಹೇಳು.” ನೀಲಾ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಪೂಜೆಗೆ ಕೈ ಚಾಚುವುದನ್ನೂ ಬಿಟ್ಟಿದ್ದಳು. ನಾನು ಬಾಗಿಲಲ್ಲಿ ಇಣುಕಿದರೆ ಮಂಚದಿಂದ ಅವರು ತಲೆಯಾಡಿಸುತ್ತಿದ್ದರು, ಇಲ್ಲ ಎಂದು. ಉತ್ತರ ಸಿಗದೆಯೇ ಹೋದರು.

ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹೊರಕೋಣೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಕುರ್ಚಿಯ ಅಂಚಿನಲ್ಲಲ್ಲದೆ ಪೂರ್ತಿ ಒರಗಿ ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಲಗ್ಗೆರೆಯ ಕಡೆಯಿಂದ ಸಂಸ್ಕಾರ ಮಾಡಿಸುವ ಅಯ್ಯನವರು ಬಂದರು. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಡಲು ಕೊರಳಿಗೆ ಕೈ ಹಾಕಿದವರು ನಿಂತರು.

“ಎರಡು ಅದಾವಲ್ರೀ?”

ಊರಿನಿಂದ ಬಂದ ನೆಂಟರಲ್ಲಿ ಗುಸುಗುಸು ಎದ್ದಿತು. ನೀಲಾನ ಅಪ್ಪ ತಲೆ ತಗ್ಗಿಸಿದರು. ಎರಡೂ ಒಂದೇ ಥರದ ಕರಡಿಗೆಗಳು, ಎರಡೂ ಬೆವರಿಗೆ ಕಪ್ಪಾದ ದಾರ. “ತಾಯೀದು ಯಾವುದು ಹೇಳ್ರಿ. ತಪ್ಪಿ ಇನ್ನೊಂದು ಮಣ್ಣಿಗೆ ಹೋಗಬಾರ್ದು,” ಅಂದರು ಅಯ್ಯನವರು. ಯಾರಿಗೂ ಗೊತ್ತಿರಲಿಲ್ಲ.

ಒಳಕೋಣೆಯಿಂದ ನೀಲಾ ಬಂದಳು. ಕೆದರಿದ ಕೂದಲು, ನಿನ್ನೆಯದೇ ಬಟ್ಟೆ. ತಾಯಿಯ ಎದುರು ಮಂಡಿಯೂರಿ ಎರಡೂ ಕರಡಿಗೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಇಟ್ಟುಕೊಂಡು ತೂಗಿದಳು. “ಇದು ಅವ್ವಂದು. ಅದು ನಂದು.”

ಅಯ್ಯನವರು ಅವಳದನ್ನು ಬಿಚ್ಚಿ ಅವಳ ಕೊರಳ ಕಡೆ ಕೈ ಚಾಚಿದರು. ಅವಳು ಹಿಂದೆ ಸರಿದಳು.

“ಕೊರಳಿಗೆ ಬ್ಯಾಡ. ಕೈಯಾಗ ಕೊಡ್ರಿ.”

“ಹಂಗ ಬಿಡಬಾರ್ದವ್ವಾ, ಅವರವರದು ಅವರವರ ಮೈಮ್ಯಾಲ...” ಎಂದು ಅಯ್ಯನವರು ಶುರು ಮಾಡಿದ್ದರು. ಅವಳು ಕೇಳಿಸಿಕೊಳ್ಳಲಿಲ್ಲ. ಕೈಗೆ ಬಂದದ್ದನ್ನು ಮುಷ್ಟಿಯಲ್ಲಿ ಹಿಡಿದು, ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಅಪ್ಪನ ಹತ್ತಿರ ಹೋದಳು.

“ಅಪ್ಪಾ, ನೀ ಕಟ್ಕೋ. ನಾ ಮುಂಜಾನೆ ಕೇಳ್ತೀನಿ.”

ಅಷ್ಟು ವರ್ಷ ಮಗಳ ಮುಖ ನೋಡಲಾಗದೆ ಸೆಕೆಂಡ್ ಶಿಫ್ಟಿನಲ್ಲಿ ಬಚ್ಚಿಟ್ಟುಕೊಂಡಿದ್ದ ಮನುಷ್ಯ ನೋಡಿದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕೊರಳು ಬಗ್ಗಿಸಿದರು.

ಮರುದಿನ ಬೆಳಗ್ಗೆ ನಾನು ರೂಢಿಯಂತೆ ಎದುರು ಬಾಗಿಲಲ್ಲಿ ಇಣುಕಿದೆ. ನೀಲಾನ ಅಪ್ಪ ಚಾಪೆಯ ಮೇಲೆ ಕುಳಿತಿದ್ದರು, ಒದ್ದೆ ತಲೆ, ವಿಭೂತಿ ವಕ್ರವಾಗಿ ಹಚ್ಚಿಕೊಂಡು. ತಲೆಯಾಡಿಸಿದರು, ಇಲ್ಲ ಎಂದು. ಅದರ ಮಾರನೆಯ ದಿನವೂ ಇಲ್ಲ. ಮಣ್ಣು ಮಾಡಿ ವಾರ ಕಳೆದು ಫ್ಯಾಕ್ಟರಿಗೆ ಮರಳಬೇಕಾದ ದಿನವೂ ಅವರು ಅಲ್ಲೇ ಕುಳಿತಿದ್ದರು, ಯೂನಿಫಾರ್ಮ್ ಹಾಕಿಕೊಂಡು. ರಾತ್ರಿ ಮನೆಯಲ್ಲಿರಲೆಂದು ಜನರಲ್ ಶಿಫ್ಟಿಗೆ ಬದಲಾಯಿಸಿಕೊಂಡಿದ್ದರು. ಕೆಳಗೆ ಕಂಪನಿ ಬಸ್ಸು ಬಂದು ಹಾರ್ನ್ ಹೊಡೆಯಿತು. ಅವರು ಬೆರಳೆತ್ತಿ, “ತಡೀರಿ,” ಅಂದರು.

ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು. ಅದರೊಳಗೆ ಒಂದು ದನಿ. ಪದಗಳು ಅರ್ಧಂಬರ್ಧ, ಧಾಟಿ ಮಾತ್ರ ಸರಿಯಾಗಿತ್ತು: ಎಷ್ಟೋ ವರ್ಷದ ಹಿಂದೆ ಅದೇ ಬಚ್ಚಲಿನಲ್ಲಿ ನಾನು ಹಾಡಿದ್ದ ಕಾನ್ವೆಂಟಿನ ಹಿಮ್.

ಬಸ್ಸು ಮತ್ತೊಮ್ಮೆ ಹಾರ್ನ್ ಹೊಡೆದು ಹೊರಟುಹೋಯಿತು. ಅವರು ಏಳಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿಟ್ಟುಕೊಂಡು ಕಾಯುತ್ತ ಕುಳಿತಿದ್ದರು.